ಕಾರಿನ ಓಟಮಾಪಕವು ನಿಜ ಹೇಳುವುದೆ?

ಮಡಿವಾಳದ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ಗೃಹಿಣಿಯು ತಕ್ಕಡಿಯ ವಿಚಾರದಲ್ಲಿ ಎರಡು ಸಂಗತಿಗಳನ್ನು ಗಮನಿಸುತ್ತಾಳೆ. ತಟ್ಟೆಗಳು ಬರಿದಾಗಿರುವಾಗ ಮುಳ್ಳು ನಡುವೆ ನಿಂತಿದೆಯೆ, ಅಥವಾ ಈಗಿನ ವಿದ್ಯುತ್ ತಕ್ಕಡಿಯಾದರೆ ಸೊನ್ನೆಯನ್ನು ತೋರಿಸುತ್ತಿದೆಯೆ ಎಂಬುದು ಮೊದಲನೆಯದು. ಒಂದು ಕಿಲೋಗ್ರಾಂ ಎಂದು ಇಟ್ಟ ತೂಕದ ಕಲ್ಲು ನಿಜವಾಗಿಯೂ ಒಂದು ಕಿಲೋಗ್ರಾಂ ಇದೆಯೆ ಎಂಬುದು ಎರಡನೆಯದು. ಅಳೆಯುವ ಉಪಕರಣವು ಯಾವುದೇ ಆಗಲಿ, ಈ ಎರಡು ಪರೀಕ್ಷೆಗಳು ಅದಕ್ಕೆ ತಪ್ಪಿದ್ದಲ್ಲ. ಒಂದು ಸೊನ್ನೆಯ ಪರೀಕ್ಷೆ. ಇನ್ನೊಂದು ಮಾನದ ಪರೀಕ್ಷೆ. ಇವುಗಳನ್ನು ನಡೆಸಿ, ಉಪಕರಣವು ತೋರಿಸುವ ಅಂಕಿಗೂ ನಿಜವಾದ ಬೆಲೆಗೂ ಇರುವ ಸಂಬಂಧವನ್ನು ಗೊತ್ತುಮಾಡಿಕೊಳ್ಳುವ ಕೆಲಸಕ್ಕೆ ಅಂಶಾಂಕನವೆಂದು ಹೆಸರು.

ವ್ಯಾಪಾರದ ತಕ್ಕಡಿಯನ್ನೂ ಆಟೋರಿಕ್ಷಾದ ಮೀಟರನ್ನೂ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಆದರೆ ಇಂದು ಕಾರುಗಳಲ್ಲಿ ಹವ್ಯಾಸಕ್ಕಾಗಿ ಕೂರಿಸಿಕೊಳ್ಳುವ ಇನ್ನೊಂದು ಮೀಟರುಂಟು. ನಿಂತ ಕಾರು ಗಂಟೆಗೆ 100 ಕಿಲೋಮೀಟರು ವೇಗವನ್ನು ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತು, ಎಂಜಿನ್ನು ಎಷ್ಟು ಅಶ್ವಸಾಮರ್ಥ್ಯವನ್ನು ಚಕ್ರಗಳಿಗೆ ಕೊಟ್ಟಿತು, ಬ್ರೇಕು ಒತ್ತಿದ ಮೇಲೆ ಕಾರು ಎಷ್ಟು ದೂರದಲ್ಲಿ ನಿಂತಿತು ಎಂಬುದನ್ನೆಲ್ಲ ಅದು ಹೇಳುತ್ತದೆ. ಇಂಗ್ಲಿಷಿನವರು ಪರ್ಫಾರ್ಮೆನ್ಸ್ ಮೀಟರ್ ಎನ್ನುವ ಇದನ್ನು ನಾವು ಓಟಮಾಪಕವೆಂದು ಕರೆಯೋಣ. ಇದೇ ಕೆಲಸವನ್ನು ಮಾಡುವ ಆಪ್‌ಗಳು ಮೊಬೈಲ್ ಫೋನುಗಳಿಗೂ ದೊರೆಯುತ್ತವೆ. ಇದಕ್ಕೆ ಮುದ್ರೆ ಹಾಕುವ ಅಧಿಕಾರಿಗಳಿಲ್ಲ. ಕೊಂಡವನೇ ಪರೀಕ್ಷಕನೂ ಆಗಬೇಕು. ಹಾಗೆ ಪರೀಕ್ಷಿಸದೆ ಅದರ ಮಾತನ್ನು ನಂಬಿದವನಿಗೆ ಹಣ ನಷ್ಟವಾಗಬಹುದು. ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡ ನಷ್ಟವಾಗಬಹುದು. ಹೇಗೆಂಬುದನ್ನು ವಿಚಾರಮಾಡೋಣ.

ತೂಗುಬೊಂಬೆಯ ತತ್ತ್ವ

ಕಾರಿನ ಒಳಗನ್ನಡಿಯಿಂದ ತೂಗುಬಿಟ್ಟ ಬೊಂಬೆಯನ್ನು ವಾಚಕರು ನೋಡಿರಬಹುದು. ಕಾರು ಒಂದೇ ವೇಗದಲ್ಲಿ ನೇರವಾಗಿ ಸಾಗುವಾಗ ಅದು ನೆಟ್ಟಗೆ ತೂಗುತ್ತದೆ. ವೇಗವು ಹೆಚ್ಚುತ್ತಿರುವಾಗ ಹಿಂದಕ್ಕೆ ವಾಲುತ್ತದೆ; ಬ್ರೇಕು ಒತ್ತಿದಾಗ ಮುಂದಕ್ಕೆ ಬರುತ್ತದೆ. ವೇಗವು ಹೆಚ್ಚುವ ಗತಿಯನ್ನು ವೇಗೋತ್ಕರ್ಷ ಎನ್ನುತ್ತೇವೆ. ಬೊಂಬೆಯು ವಾಲಿದ ಕೋನವು ಈ ವೇಗೋತ್ಕರ್ಷದ ಅಳತೆ. ಭೂಮಿಯ ಗುರುತ್ವದಿಂದ ಬೀಳುವ ವಸ್ತುವಿನ ವೇಗೋತ್ಕರ್ಷವನ್ನು ಒಂದು ಜಿ ಎಂದು ಕರೆದರೆ, ಕಾರಿನ ವೇಗೋತ್ಕರ್ಷವು ಅದರ ಹತ್ತರಲ್ಲಿ ಮೂರು ಪಾಲು ಇರುವಾಗ ಬೊಂಬೆಯು ಸುಮಾರು 17 ಡಿಗ್ರಿ ವಾಲುತ್ತದೆ. ಬ್ರೇಕುಗಳ ಪರೀಕ್ಷೆಗೆಂದು ರೂಪಿಸಿದ ಟ್ಯಾಪ್ಲಿ ಮೀಟರಿನಲ್ಲಿ ಇರುವುದೂ ಇಂತಹ ಒಂದು ಲೋಲಕವೇ.

ಈಗಿನ ಓಟಮಾಪಕದಲ್ಲಿಯೂ ಫೋನಿನಲ್ಲಿಯೂ ಬೊಂಬೆಯ ಬದಲು ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಸಿಲಿಕನ್ ಬಿಲ್ಲೆಯಿದೆ. ಅದರೊಳಗೆ ಸಿಲಿಕನ್ನಿನಿಂದಲೇ ಕೊರೆದ ಒಂದು ಸೂಕ್ಷ್ಮವಾದ ತುಂಡು, ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ತುಂಡಿನ ಅಂಚಿನಿಂದ ಬಾಚಣಿಗೆಯ ಹಲ್ಲುಗಳಂತೆ ಎಳೆಗಳು ಚಾಚಿಕೊಂಡಿವೆ. ಅವುಗಳ ಎದುರಿಗೆ ಸ್ಥಿರವಾದ ಇನ್ನೊಂದು ಸಾಲು ಹಲ್ಲುಗಳಿವೆ. ವಾಹನದ ವೇಗವು ಬದಲಾದಾಗ ತುಂಡು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ದೂರ ಸರಿಯುತ್ತದೆ. ಹಲ್ಲುಗಳ ನಡುವಿನ ಅಂತರ ಬದಲಾಗಿ, ಅವು ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯೂ ಬದಲಾಗುತ್ತದೆ. ಈ ಬದಲಾವಣೆಯನ್ನು ಅಳೆದು ವೇಗೋತ್ಕರ್ಷವನ್ನು ಅಂಕಿಯಾಗಿ ಕೊಡುತ್ತದೆ. ಅಪಘಾತದ ಹೊಡೆತವನ್ನು ಕ್ಷಣಮಾತ್ರದಲ್ಲಿ ಗುರುತಿಸಿ ಏರ್‌ಬ್ಯಾಗನ್ನು ಬಿಡಿಸುವ ಸಲುವಾಗಿ 1990ರ ದಶಕದಲ್ಲಿ ಇಂತಹ ಬಿಲ್ಲೆಗಳು ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಓಟಮಾಪಕವು ನೇರವಾಗಿ ಅಳೆಯುವುದು ವೇಗೋತ್ಕರ್ಷ ಒಂದನ್ನೇ. ವೇಗವನ್ನೂ ದೂರವನ್ನೂ ಅದು ಲೆಕ್ಕಹಾಕಿ ಹೇಳುತ್ತದೆ. ಸೆಕೆಂಡಿನಲ್ಲಿ ನೂರಾರು ಸಲ ವೇಗೋತ್ಕರ್ಷವನ್ನು ಓದಿ, ಒಂದರ ಮೇಲೊಂದು ಕೂಡಿಸುತ್ತ ಹೋದರೆ ವೇಗವು ಸಿಕ್ಕುತ್ತದೆ. ವೇಗವನ್ನು ಹಾಗೆಯೇ ಕೂಡಿಸುತ್ತ ಹೋದರೆ ದೂರವು ಸಿಕ್ಕುತ್ತದೆ. ಕಾಲೇಜಿನಲ್ಲಿ ಕಲಿಯುವ ಅನುಕಲನವೆಂದರೆ ಇದೇ. ಆದರೆ ಕೂಡಿಸುವಾಗ ನಿಜದ ಜೊತೆಗೆ ತಪ್ಪೂ ಕೂಡಿಕೊಳ್ಳುತ್ತದೆ. ಪ್ರತಿದಿನ ಒಂದು ನಿಮಿಷ ಮುಂದೆ ಓಡುವ ಗಡಿಯಾರವು ತಿಂಗಳಾದ ಮೇಲೆ ಅರ್ಧ ಗಂಟೆ ಮುಂದಿರುವಂತೆ, ವೇಗೋತ್ಕರ್ಷದಲ್ಲಿರುವ ಒಂದು ಸ್ಥಿರವಾದ ಸಣ್ಣ ತಪ್ಪು, ವೇಗದಲ್ಲಿ ಕಾಲದೊಡನೆ ಬೆಳೆಯುತ್ತದೆ. ದೂರದಲ್ಲಿ ಕಾಲದ ವರ್ಗದೊಡನೆ ಬೆಳೆಯುತ್ತದೆ.

ಗುರುತ್ವದ ವೇಷ

ಈ ಸಣ್ಣ ತಪ್ಪು ಎಲ್ಲಿಂದ ಬರುತ್ತದೆ? ತೂಗುಬೊಂಬೆಯ ಬಳಿಗೇ ಹೋಗೋಣ. ಕಾರನ್ನು ಏರುರಸ್ತೆಯಲ್ಲಿ, ಮೂತಿ ಮೇಲೆ ಮಾಡಿ ನಿಲ್ಲಿಸಿರಿ. ಕಾರು ನಿಂತೇ ಇದೆ. ಆದರೂ ಒಳಗೆ ಕುಳಿತವನ ಕಣ್ಣಿಗೆ ಬೊಂಬೆಯು ಹಿಂದಕ್ಕೆ ವಾಲಿರುತ್ತದೆ. ಹೊರಗಿನದನ್ನು ನೋಡದೆ ಬೊಂಬೆಯೊಂದನ್ನೇ ನೋಡುವವನು, ಕಾರು ಮುಂದಕ್ಕೆ ನುಗ್ಗುತ್ತಿದೆಯೆಂದೇ ಹೇಳಬೇಕಾಗುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ಉಪಕರಣವು ಗುರುತ್ವವನ್ನೂ ವೇಗೋತ್ಕರ್ಷವನ್ನೂ ಬೇರೆಬೇರೆಯಾಗಿ ಗುರುತಿಸಲಾರದು ಎಂಬುದು 1907ರಲ್ಲಿ ಐನ್‌ಸ್ಟೈನನಿಗೆ ಹೊಳೆದ ವಿಚಾರ. ಅವನ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವು ಬೆಳೆದದ್ದು ಈ ಬೀಜದಿಂದಲೇ. ಆ ಮಹಾತತ್ತ್ವವೇ ನಮ್ಮ ಓಟಮಾಪಕಕ್ಕೆ ಕಂಟಕವಾಗಿ ನಿಂತಿದೆ!

ಎಷ್ಟು ದೊಡ್ಡ ಕಂಟಕವೆಂಬುದನ್ನು ಲೆಕ್ಕಹಾಕೋಣ. ಮೀಟರು ಕೇವಲ ಒಂದು ಡಿಗ್ರಿ ವಾಲಿದ್ದರೂ ಗುರುತ್ವದ 57ರಲ್ಲಿ ಒಂದು ಪಾಲು, ಅಂದರೆ ಸೆಕೆಂಡಿಗೆ ಸೆಕೆಂಡಿಗೆ 0.17 ಮೀಟರು, ವೇಗೋತ್ಕರ್ಷದ ವೇಷವನ್ನು ಹಾಕಿಕೊಂಡು ಲೆಕ್ಕದಲ್ಲಿ ಸೇರುತ್ತದೆ. 10 ಸೆಕೆಂಡುಗಳಲ್ಲಿ ಇದು ಸೆಕೆಂಡಿಗೆ 1.7 ಮೀಟರು, ಎಂದರೆ ಗಂಟೆಗೆ 6 ಕಿಲೋಮೀಟರಿಗೂ ಹೆಚ್ಚಿನ ಸುಳ್ಳು ವೇಗವಾಗುತ್ತದೆ. ದೂರದಲ್ಲಿ ಎಂಟೂವರೆ ಮೀಟರಿನ ತಪ್ಪಾಗುತ್ತದೆ. ಒಂದು ಡಿಗ್ರಿಯ ವಾಲುವಿಕೆಯನ್ನು ಬರಿಗಣ್ಣಿನಿಂದ ಗುರುತಿಸುವುದೇ ಕಷ್ಟ.

ಇನ್ನೊಂದು ವಿಚಿತ್ರವುಂಟು. ರಸ್ತೆ ಸಮತಟ್ಟಾಗಿದ್ದು, ಮೀಟರನ್ನು ಸರಿಯಾಗಿ ಕೂರಿಸಿದ್ದರೂ ಕಾರು ತಾನೇ ವಾಲುತ್ತದೆ. ಜೋರಾಗಿ ಮುನ್ನುಗ್ಗುವಾಗ ಅದರ ಹಿಂಭಾಗ ಕುಗ್ಗಿ ಮೂತಿ ಮೇಲೇಳುತ್ತದೆ. ಆಗ ಗುರುತ್ವದ ಪಾಲು ವೇಗೋತ್ಕರ್ಷಕ್ಕೆ ಸೇರಿಕೊಂಡು ಅಂಕಿ ಹೆಚ್ಚುತ್ತದೆ. ಬ್ರೇಕು ಒತ್ತಿದಾಗ ಮೂತಿ ತಗ್ಗುತ್ತದೆ. ಆಗಲೂ ಗುರುತ್ವದ ಪಾಲು ಬ್ರೇಕಿನ ಪರವಾಗಿಯೇ ಸೇರುತ್ತದೆ. ಆದಕಾರಣ ಎರಡು ಸಂದರ್ಭಗಳಲ್ಲಿಯೂ ಕಾರು ಇರುವುದಕ್ಕಿಂತ ಉತ್ತಮವಾಗಿ ಕಾಣುತ್ತದೆ. ಹೊಗಳುಭಟ್ಟನ ಮಾತು ಕಿವಿಗೆ ಇಂಪಾಗಿರುವುದು ಸಹಜ. ಅದನ್ನು ನಂಬುವವನೇ ಎಚ್ಚರದಿಂದಿರಬೇಕು.

ತಲೆಕೆಳಗು ಮಾಡಿದರೆ ಸತ್ಯ ಹೊರಬರುತ್ತದೆ

ಗುರುತ್ವವು ಕಂಟಕವಾದಂತೆಯೇ ಉಪಕಾರಿಯೂ ಆಗಿದೆ. ಹಗಲಿರುಳು ಬದಲಾಗದೆ, ಬೆಲೆಯಿಲ್ಲದೆ, ಎಲ್ಲರಿಗೂ ದೊರೆಯುವ ತೂಕದ ಕಲ್ಲು ಅದು. ಮೀಟರಿನ ಮುಂದಿಕ್ಕು ನೇರವಾಗಿ ಆಕಾಶವನ್ನು ನೋಡುವಂತೆ ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿರಿ. ಅದು 1 ಜಿ ಎಂದು ತೋರಿಸಬೇಕು. ತಲೆಕೆಳಗಾಗಿ ನಿಲ್ಲಿಸಿದರೆ ಋಣ 1 ಜಿ ಎಂದು ತೋರಿಸಬೇಕು.

ಒಂದು ಮೀಟರು ಮೊದಲನೆಯ ಸಲ 1.02 ಎಂದೂ ಎರಡನೆಯ ಸಲ ಋಣ 0.96 ಎಂದೂ ತೋರಿಸಿತೆಂದು ಇಟ್ಟುಕೊಳ್ಳೋಣ. ಎರಡನ್ನೂ ಚಿಹ್ನೆ ಸಹಿತವಾಗಿ ಕೂಡಿ ಅರ್ಧಮಾಡಿದರೆ 0.03 ಬರುತ್ತದೆ. ಇದು ಸೊನ್ನೆಯ ತಪ್ಪು. ಮೊದಲನೆಯದರಿಂದ ಎರಡನೆಯದನ್ನು ಕಳೆದು ಅರ್ಧಮಾಡಿದರೆ 0.99 ಬರುತ್ತದೆ. ಇದು ಮಾನದ ಗುಣಕ. ಮುಂದೆ ಮೀಟರು ಏನನ್ನು ತೋರಿಸಿದರೂ ಅದರಿಂದ 0.03ನ್ನು ಕಳೆದು 0.99ರಿಂದ ಭಾಗಿಸಿದರೆ ನಿಜವಾದ ಬೆಲೆ ಸಿಕ್ಕುತ್ತದೆ. ಮಾರುಕಟ್ಟೆಯ ಎರಡು ಪರೀಕ್ಷೆಗಳೂ ಹೀಗೆ ಒಂದೇ ಮೇಜಿನ ಮೇಲೆ ಮುಗಿಯುತ್ತವೆ.

ಈ ತಿದ್ದುಪಡಿಯ ಪ್ರಯೋಜನವೇನು? ಮೀಟರು 0.39 ಜಿ ಎಂದು ತೋರಿಸಿದಾಗ ನಿಜವಾದ ಬೆಲೆ 0.364 ಜಿ. ವೇಗೋತ್ಕರ್ಷವು ಇದೇ ಬೆಲೆಯಲ್ಲಿ ಉಳಿದರೆ, ಗಂಟೆಗೆ 100 ಕಿಲೋಮೀಟರು ವೇಗವನ್ನು ಮುಟ್ಟಲು ತಿದ್ದದ ಮೀಟರಿನ ಪ್ರಕಾರ 7.3 ಸೆಕೆಂಡು ಸಾಕು, ನಿಜವಾಗಿ 7.8 ಸೆಕೆಂಡು ಬೇಕು. ಅರ್ಧ ಸೆಕೆಂಡಿನ ವ್ಯತ್ಯಾಸ! ಹೊಸ ಏರ್ ಫಿಲ್ಟರನ್ನು ಹಾಕಿಸಿ, ಸೈಲೆನ್ಸರನ್ನು ಬದಲಿಸಿ, ಸಾವಿರಾರು ರೂಪಾಯಿಗಳನ್ನು ಸುರಿದ ಯುವಕನು ‘ಕಾಲು ಸೆಕೆಂಡು ಉಳಿಯಿತು’ ಎಂದು ಹಿಗ್ಗುವಾಗ, ಉಳಿದದ್ದು ಕಾರಿನಲ್ಲಿಯೋ ಅಥವಾ ಮೀಟರನ್ನು ಈ ಸಲ ಬೇರೆ ರೀತಿಯಲ್ಲಿ ಕೂರಿಸಿದ್ದರಲ್ಲಿಯೋ ಎಂದು ಕೇಳಬೇಕಾಗುತ್ತದೆ.

ವಾಚಕರಲ್ಲಿ ಕೆಲವರು, ‘1 ಜಿ ಎಂಬುದು ಎಲ್ಲೆಡೆಯೂ ಒಂದೇ ಅಲ್ಲವಲ್ಲ?’ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಅಂತರರಾಷ್ಟ್ರೀಯವಾಗಿ ಒಪ್ಪಿದ ಪ್ರಮಾಣ ಬೆಲೆಯು ಸೆಕೆಂಡಿಗೆ ಸೆಕೆಂಡಿಗೆ 9.80665 ಮೀಟರು. ಬೆಂಗಳೂರು ಭೂಮಧ್ಯರೇಖೆಗೆ ಸಮೀಪವಾಗಿಯೂ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿಯೂ ಇರುವುದರಿಂದ ಇಲ್ಲಿ ಅದು ಸುಮಾರು 9.78 ಮಾತ್ರ. ಆದ್ದರಿಂದ ಮಡಿವಾಳದ ಮೇಜಿನ ಮೇಲೆ ಪರೀಕ್ಷಿಸಿದ ಮೀಟರು ತನ್ನ 1 ಜಿಯನ್ನು 9.80665 ಎಂದು ಭಾವಿಸಿದರೆ, ನೂರಕ್ಕೆ ಕಾಲು ಪಾಲಿನಷ್ಟು ಹೆಚ್ಚು ಹೇಳುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಇದು ಸುಮಾರು 0.27 ಕಿಲೋಮೀಟರಿನ ತಪ್ಪು. ಒಂದು ಡಿಗ್ರಿಯ ವಾಲುವಿಕೆಯು 10 ಸೆಕೆಂಡುಗಳಲ್ಲಿ ಮಾಡುವ ತಪ್ಪು ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಯಾವ ತಪ್ಪು ದೊಡ್ಡದು, ಯಾವುದು ಚಿಕ್ಕದು ಎಂಬುದನ್ನು ಅರಿತು ದೊಡ್ಡದನ್ನು ಮೊದಲು ಹಿಡಿಯುವುದೇ ಅಳತೆಯ ಜಾಣ್ಮೆ.

ಕಾರಿನೊಳಗೆ ಕೂರಿಸುವ ಕ್ರಮ

ಮೇಜಿನ ಮೇಲೆ ಸರಿಹೋದ ಮೀಟರನ್ನು ಕಾರಿನಲ್ಲಿ ಅಲುಗಾಡದಂತೆ ಭದ್ರವಾಗಿ ಕೂರಿಸಬೇಕು. ಕೂರಿಸುವಾಗ ಅದು ಸ್ವಲ್ಪವಾದರೂ ವಾಲುವುದು ನಿಶ್ಚಯ. ಇದನ್ನು ತಿಳಿಯಲು ಸಮತಟ್ಟಾದ ನೆಲ ಬೇಕೆಂದು ಹಲವರು ಭಾವಿಸುತ್ತಾರೆ. ಮಳೆನೀರು ಹರಿದುಹೋಗಲೆಂದು ಎಲ್ಲ ರಸ್ತೆಗಳನ್ನೂ ಅಂಗಳಗಳನ್ನೂ ಇಳಿಜಾರಾಗಿಯೇ ಕಟ್ಟುವುದರಿಂದ ಅಂತಹ ನೆಲ ದುರ್ಲಭ. ಅದರ ಅಗತ್ಯವೂ ಇಲ್ಲ. ಕಾರನ್ನು ಒಂದು ಸ್ಥಳದಲ್ಲಿ ನಿಲ್ಲಿಸಿ ಮೀಟರನ್ನು ಓದಿರಿ. ಅನಂತರ ಕಾರನ್ನು ಹಿಂದುಮುಂದಾಗಿ ತಿರುಗಿಸಿ, ಚಕ್ರಗಳು ಅದೇ ಗುರುತುಗಳ ಮೇಲೆ ಬರುವಂತೆ ನಿಲ್ಲಿಸಿ ಮತ್ತೆ ಓದಿರಿ. ಮೊದಲು 0.025, ಬಳಿಕ 0.009 ಬಂದರೆ, ಎರಡರ ಸರಾಸರಿಯಾದ 0.017 ಜಿ ಎಂಬುದು ಮೀಟರಿನ ವಾಲುವಿಕೆಯಿಂದ ಬಂದ ಸೊನ್ನೆಯ ತಪ್ಪು. ವ್ಯತ್ಯಾಸದ ಅರ್ಧವಾದ 0.008 ಎಂಬುದು ನೆಲದ ಇಳಿಜಾರು. 100 ಮೀಟರಿಗೆ ಸುಮಾರು 80 ಸೆಂಟಿಮೀಟರು. ಒಂದೇ ಪ್ರಯೋಗದಿಂದ ಮೀಟರಿನ ದೋಷವೂ ನೆಲದ ದೋಷವೂ ಬೇರೆಬೇರೆಯಾಗಿ ತಿಳಿಯುತ್ತವೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಲ್ಲೆಯು ಕಾದಂತೆ ಅದರ ಸೊನ್ನೆಯೂ ಸರಿಯುತ್ತದೆ. ಆದುದರಿಂದ ಓಟಕ್ಕೆ ಸ್ವಲ್ಪ ಮುಂಚೆಯೇ ಈ ಪರೀಕ್ಷೆಯನ್ನು ಮಾಡಬೇಕು.

ಕಾರು ತಾನಾಗಿ ಮೂತಿಯೆತ್ತುವ ದೋಷವು ಇದರಿಂದ ಹೋಗುವುದಿಲ್ಲ. ಅದಕ್ಕೆ ಅಳೆದ ದೂರದ ಸಾಕ್ಷ್ಯ ಬೇಕು. ವೇಗೋತ್ಕರ್ಷವು ಹೆಚ್ಚಿದಷ್ಟೂ ಮೂತಿಯು ಹೆಚ್ಚು ಏಳುವುದರಿಂದ, ಈ ದೋಷವು ಅಂಕಿಯನ್ನು ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಟೇಪಿನಿಂದ ಅಳೆದ 100 ಮೀಟರನ್ನು ನಿಂತ ಸ್ಥಿತಿಯಿಂದ ಹೊರಟು ದಾಟಿದಾಗ ಮೀಟರು 105 ಎಂದರೆ, ಅದರ ವೇಗೋತ್ಕರ್ಷವನ್ನು 105ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಅಳತೆಯ ಟೇಪು ಸರಿಯಾಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸರ್ವೇ ಅಧಿಕಾರಿಯು ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದವಾದ ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದಾಗ, ಬಿಸಿಲಿಗೆ ಸರಪಳಿಯು ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿದನು. ಮೊದಲ ಅಳತೆ ತಪ್ಪಿದರೆ ಅದರ ಮೇಲೆ ಕಟ್ಟಿದ ಲೆಕ್ಕವೆಲ್ಲ ತಪ್ಪುವುದೆಂದು ಅವನು ಬಲ್ಲವನಾಗಿದ್ದನು.

ಉಪಗ್ರಹಗಳಿಂದ ವೇಗವನ್ನು ತಿಳಿಯುವ ಜಿ.ಪಿ.ಎಸ್. ಇನ್ನೊಂದು ಸ್ವತಂತ್ರ ಸಾಕ್ಷಿ. ಅದಕ್ಕೆ ವಾಲುವಿಕೆಯ ಬಾಧೆಯಿಲ್ಲ. ಆದರೆ ಸಾಮಾನ್ಯವಾದ ಫೋನುಗಳು ಸೆಕೆಂಡಿಗೆ ಒಂದೇ ಸಲ ವೇಗವನ್ನು ತಿಳಿಸುತ್ತವೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗಿನ ಎರಡಂತಸ್ತಿನ ಮೇಲ್ಸೇತುವೆಯ ಕೆಳಗೆ ಸಂಕೇತಗಳು ಸರಿಯಾಗಿ ತಲಪುವುದೂ ಇಲ್ಲ. ಕ್ಷಣಕ್ಷಣದ ಸುದ್ದಿಯನ್ನು ಸಿಲಿಕನ್ ಬಿಲ್ಲೆಯಿಂದಲೂ ಒಟ್ಟು ಮೊತ್ತದ ಪರಿಶೀಲನೆಯನ್ನು ಉಪಗ್ರಹದಿಂದಲೂ ಪಡೆಯುವುದು ಉತ್ತಮವಾದ ಮಾರ್ಗ.

ಕಾರಿಲ್ಲದವರಿಗೆ ಒಂದು ಪ್ರಯೋಗ

ಈ ತತ್ತ್ವಗಳನ್ನು ಪರೀಕ್ಷಿಸಲು ವಿದ್ಯಾರ್ಥಿಗಳಿಗೆ ಕಾರು ಬೇಕಾಗಿಲ್ಲ. 2025ರ ಆಗಸ್ಟಿನಲ್ಲಿ ಆರಂಭವಾದ ‘ನಮ್ಮ ಮೆಟ್ರೋ’ ಹಳದಿ ಮಾರ್ಗವು ಮಡಿವಾಳಕ್ಕೆ ಸಮೀಪದ ಸೆಂಟ್ರಲ್ ಸಿಲ್ಕ್ ಬೋರ್ಡ್ ನಿಲ್ದಾಣದ ಮೂಲಕ ಹೋಗುತ್ತದೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾನಿಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತವಾದ ಆಪ್ ಫೋನಿನ ವೇಗೋತ್ಕರ್ಷವನ್ನು ದಾಖಲಿಸುತ್ತದೆ. ಬಿ.ಟಿ.ಎಂ. ಲೇಔಟ್ ನಿಲ್ದಾಣದಲ್ಲಿ ಹತ್ತಿ, ಫೋನನ್ನು ಆಸನದ ಮೇಲೆ ರೈಲಿನ ಉದ್ದಕ್ಕೆ ಸರಿಯಾಗಿ ಮಲಗಿಸಿ, ಅಲುಗದಂತೆ ಹಿಡಿದುಕೊಂಡು, ರೈಲು ಹೊರಡುವುದಕ್ಕೆ ಮೊದಲೇ ದಾಖಲೆಯನ್ನು ಆರಂಭಿಸಿರಿ. ಸಿಲ್ಕ್ ಬೋರ್ಡಿನಲ್ಲಿ ರೈಲು ಪೂರ್ತಿಯಾಗಿ ನಿಂತಮೇಲೆ ನಿಲ್ಲಿಸಿರಿ.

ಈ ಪ್ರಯೋಗದ ಸೊಗಸು ಇಲ್ಲಿದೆ: ರೈಲು ನಿಂತ ಸ್ಥಿತಿಯಿಂದ ಹೊರಟು ನಿಂತ ಸ್ಥಿತಿಯಲ್ಲಿ ಮುಗಿಯಿತು. ಆದುದರಿಂದ ವೇಗೋತ್ಕರ್ಷಗಳನ್ನೆಲ್ಲ ಕೂಡಿಸಿದಾಗ ಕೊನೆಯ ವೇಗವು ಸೊನ್ನೆಯೇ ಬರಬೇಕು. ಬಾರದಿದ್ದರೆ ಉಳಿದದ್ದೆಲ್ಲ ಮೀಟರಿನ ತಪ್ಪು ಮತ್ತು ಹಳಿಯ ಏರಿಳಿತ. ಓಟವು 80 ಸೆಕೆಂಡು ಹಿಡಿದು, ಕೊನೆಯಲ್ಲಿ ಸೆಕೆಂಡಿಗೆ 4 ಮೀಟರು ವೇಗವು ಉಳಿಯಿತೆಂದು ಇಟ್ಟುಕೊಳ್ಳೋಣ. 4ನ್ನು 80ರಿಂದ ಭಾಗಿಸಿದರೆ 0.05, ಪ್ರತಿಯೊಂದು ಓದಿನಿಂದಲೂ ಇಷ್ಟನ್ನು ಕಳೆದರೆ ಲೆಕ್ಕವು ಸರಿಹೋಗುತ್ತದೆ. ಈ ಅಲ್ಪವಾದ 0.05 ದೂರದ ಲೆಕ್ಕದಲ್ಲಿ ಎಷ್ಟು ತಪ್ಪನ್ನು ಮಾಡುತ್ತಿತ್ತೆಂಬುದನ್ನು ಗುಣಿಸಿ ನೋಡಿರಿ: 160 ಮೀಟರು! ಹಿಂದಿರುಗುವಾಗ ಫೋನನ್ನು ರೈಲು ಹೋಗುವ ದಿಕ್ಕಿಗೇ ತಿರುಗಿಸಿಟ್ಟು ಪ್ರಯೋಗವನ್ನು ಮತ್ತೆ ಮಾಡಿದರೆ, ಏರು ಇಳಿಜಾರಾಗಿ ಇಳಿಜಾರು ಏರಾಗಿ, ಹಳಿಯ ಪಾಲನ್ನೂ ಮೀಟರಿನ ಪಾಲನ್ನೂ ಬೇರ್ಪಡಿಸಬಹುದು.

ಅಶ್ವಸಾಮರ್ಥ್ಯದ ಲೆಕ್ಕ

ವೇಗೋತ್ಕರ್ಷ, ವೇಗ, ಕಾರಿನ ದ್ರವ್ಯರಾಶಿ, ಈ ಮೂರನ್ನೂ ಗುಣಿಸಿದರೆ ಕಾರನ್ನು ಮುಂದೊತ್ತುತ್ತಿರುವ ಸಾಮರ್ಥ್ಯ ದೊರೆಯುತ್ತದೆ. ಇಲ್ಲಿ ದ್ರವ್ಯರಾಶಿಯನ್ನು ಮೀಟರಿಗೆ ನಾವೇ ಹೇಳಬೇಕು. ಬರಿಯ ಕಾರು 1,000 ಕಿಲೋಗ್ರಾಂ ಇದ್ದು, ಇಬ್ಬರು ಸವಾರರೂ ಪೆಟ್ರೋಲೂ ಸೇರಿ 1,150 ಆಗಿರುವಾಗ 1,000 ಎಂದೇ ತಿಳಿಸಿದರೆ, 46 ಕಿಲೋವಾಟಿನ ಬದಲು 40 ಎಂಬ ಉತ್ತರ ಬರುತ್ತದೆ. ಹೊರಡುವ ಸ್ಥಿತಿಯಲ್ಲಿಯೇ ಕಾರನ್ನು ವೇಬ್ರಿಡ್ಜಿನ ಮೇಲೆ ತೂಗಿಸುವುದು ಒಳ್ಳೆಯದು. ಗಾಳಿಯ ತಡೆಯೂ ಚಕ್ರಗಳ ಉರುಳು ಘರ್ಷಣೆಯೂ ತಿಂದುಹಾಕುವ ಸಾಮರ್ಥ್ಯವು ಈ ಲೆಕ್ಕದಲ್ಲಿ ಬರುವುದಿಲ್ಲ. ಬೆಂಗಳೂರಿನ ಗಾಳಿಯು ಅದೇ ಉಷ್ಣತೆಯ ಮಂಗಳೂರಿನ ಗಾಳಿಗಿಂತ ನೂರಕ್ಕೆ ಸುಮಾರು ಹತ್ತರಷ್ಟು ತೆಳು. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ನು ಇಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಸೊರಗುತ್ತದೆ. ತಯಾರಕರು ಹೇಳಿದ ಅಂಕಿ ಬರಲಿಲ್ಲವೆಂದು ಎಂಜಿನ್ನನ್ನು ದೂರುವ ಮೊದಲು ಈ ಸಂಗತಿಗಳನ್ನು ನೆನೆಯಬೇಕು.

ಎರಡು ಮೀಟರಿನ ಬೆಲೆ

ಬ್ರೇಕಿನ ವಿಚಾರಕ್ಕೆ ಬರೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಕಾರಿನ ಬ್ರೇಕುಗಳು ಸೆಕೆಂಡಿಗೆ ಸೆಕೆಂಡಿಗೆ 6 ಮೀಟರಿನಂತೆ ವೇಗವನ್ನು ಕುಗ್ಗಿಸಿದರೆ, ಅದು 23.1 ಮೀಟರು ದೂರದಲ್ಲಿ ನಿಲ್ಲುತ್ತದೆ. ಮೂತಿ 2 ಡಿಗ್ರಿ ತಗ್ಗಿದರೆ ಮೀಟರು 6ನ್ನು 6.34 ಎಂದು ಓದಿ, 21.9 ಮೀಟರು ಸಾಕೆನ್ನುತ್ತದೆ. ಮೀಟರನ್ನೇ ಇನ್ನೆರಡು ಡಿಗ್ರಿ ಮುಂದಕ್ಕೆ ಬಾಗಿಸಿ ಕೂರಿಸಿದ್ದರೆ 20.8 ಮೀಟರು ಸಾಕೆನ್ನುತ್ತದೆ. ಕಾಗದದ ಮೇಲೆ ಈ ಎರಡು ಚಿಲ್ಲರೆ ಮೀಟರುಗಳು ಅಲ್ಪವೆನಿಸಬಹುದು. ಆದರೆ ಹೊಸೂರು ರಸ್ತೆಯನ್ನು ಮಗುವಿನ ಕೈಹಿಡಿದು ದಾಟುತ್ತಿರುವ ತಾಯಿಗೂ ಕಾರಿನ ಮೂತಿಗೂ ನಡುವೆ ಉಳಿಯುವ ಅಂತರ ಅಷ್ಟೇ ಇರಬಹುದು. ಸವೆದ ಬ್ರೇಕನ್ನು ಮೀಟರು ಹೊಗಳಿತೆಂದು ಹಾಗೆಯೇ ಬಿಡುವುದು ಎಂತಹ ಅನಾಹುತಕ್ಕೆ ದಾರಿಯೆಂಬುದನ್ನು ವಿವರಿಸಬೇಕಾಗಿಲ್ಲ.

ಇದೇ ಕಾರಣದಿಂದ, ಸಾರ್ವಜನಿಕ ರಸ್ತೆಯು ಇಂತಹ ಓಟದ ಪರೀಕ್ಷೆಗಳಿಗೆ ತಕ್ಕ ಸ್ಥಳವಲ್ಲ. ಅನುಮತಿಯಿಲ್ಲದೆ ಅಲ್ಲಿ ವೇಗದ ಪಂದ್ಯ ಅಥವಾ ಪರೀಕ್ಷೆಯನ್ನು ನಡೆಸುವುದು ಮೋಟಾರು ವಾಹನಗಳ ಕಾಯಿದೆಯ 189ನೆಯ ಪ್ರಕರಣದಂತೆ ಶಿಕ್ಷಾರ್ಹವಾದ ಅಪರಾಧ. ಕೊಯಮತ್ತೂರು ಮತ್ತು ಚೆನ್ನೈಗಳ ಬಳಿ ಇರುವ ಓಟದ ಪಥಗಳಂತಹ, ಜನರಿಂದ ದೂರವಾದ ಮುಚ್ಚಿದ ಸ್ಥಳಗಳೇ ಇದಕ್ಕೆ ತಕ್ಕವು. ಮೇಜಿನ ಮೇಲಿನ ಪ್ರಯೋಗಕ್ಕೂ ಮೆಟ್ರೋ ಪ್ರಯೋಗಕ್ಕೂ ಯಾರ ಅನುಮತಿಯೂ ಬೇಕಿಲ್ಲ. ಕಲಿಯಬೇಕಾದ ಭೌತವಿಜ್ಞಾನದ ಬಹುಪಾಲು ಅವುಗಳಲ್ಲಿಯೇ ಇದೆ.

ಅಂಕಿಯನ್ನು ಮೂರು ದಶಮಾಂಶ ಸ್ಥಾನಗಳವರೆಗೆ ಹೊಳೆಯುವಂತೆ ತೋರಿಸುವುದು ಈಗಿನ ಉಪಕರಣಗಳಿಗೆ ಸುಲಭ. ಆ ಮೂರು ಸ್ಥಾನಗಳಲ್ಲಿ ಎಷ್ಟು ನಿಜವೆಂದು ಹೇಳುವುದು ಅವುಗಳಿಂದಾಗದು. 7.263 ಎಂದು ಮೀಟರು ತೋರಿಸಿದಾಗ, ಅದನ್ನು ಬಲ್ಲ ವಿದ್ಯಾರ್ಥಿಯು ಎರಡು ದಿಕ್ಕಿನಲ್ಲಿಯೂ ಹಲವು ಸಲ ಓಡಿಸಿ, ಸರಾಸರಿಯನ್ನು ತೆಗೆದು, ‘ಏಳೂಮುಕ್ಕಾಲು ಸೆಕೆಂಡು, ಹತ್ತರಲ್ಲೊಂದು ಸೆಕೆಂಡು ಹೆಚ್ಚುಕಡಿಮೆಯಾಗಬಹುದು’ ಎಂದು ಬರೆದುಕೊಳ್ಳುತ್ತಾನೆ. ಅವನ ಉತ್ತರದಲ್ಲಿ ಅಂಕಿಗಳು ಕಡಿಮೆಯಿರಬಹುದು; ಇರುವಷ್ಟನ್ನು ನಂಬಬಹುದು.